ಬಿಚ್ಚಿ ನೋಡಿದ ಬುತ್ತಿ

“ಗುರುಗಳೇ, ಉಗ್ರಾಣ ನೋಡಿಕೊಳ್ಳುವ ಮುದುಕ ನಾಳೆ ಮಠ ಬಿಟ್ಟು ತನ್ನೂರಿಗೆ ಹೊರಟಿದ್ದಾನೆ. ಹೊರಡುವಾಗ ಅವನ ಗಂಟನ್ನು ಒಮ್ಮೆ ಬಿಚ್ಚಿಸಿ ನೋಡುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಏನಾದರೂ ಕಳುವಾಗಿದೆಯೇ ಎಂದು ಗುರುಗಳು ವಿಚಾರಿಸಿದರು. ಕಳುವಾಗಿಲ್ಲ, ಆದರೂ ಮನಸ್ಸು ತಡೆಯುತ್ತಿಲ್ಲ ಎಂದ ಶಿಷ್ಯ. ಕಳುವಾಗದ್ದನ್ನು ಹುಡುಕುವ ಕೆಲಸಕ್ಕೆ ಕೊನೆಯೇ ಇಲ್ಲವಲ್ಲಪ್ಪ ಎಂದು ನಕ್ಕು ಗುರುಗಳು ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಅವನ ಗುಡ್ಡದ ಹೊಲದಲ್ಲಿ ಒಂದು ಕಂಪನಿಯವರು ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನು ನಿಲ್ಲಿಸಿದ್ದರು. ಅದಕ್ಕೊಬ್ಬ ಕಾವಲುಗಾರನಿದ್ದ. ಮಳೆ ಹೊಡೆದರೆ ಅವನು ರೈತನ ಮನೆಗೆ ಓಡಿ ಬರುತ್ತಿದ್ದ, ಹಬ್ಬಕ್ಕೆ ಅಲ್ಲೇ ಉಣ್ಣುತ್ತಿದ್ದ. ಹೀಗೆ ಎಷ್ಟೋ ವರ್ಷ ನಡೆಯಿತು.

ಒಂದು ದಿನ ಕಂಪನಿಯ ಸಾಹೇಬ ಬಂದ. ಫ್ಯಾನಿಗೆ ವಯಸ್ಸಾಯಿತು, ಇದನ್ನು ಇಳಿಸಿ ಆಚೆ ಗುಡ್ಡದ ಮೇಲೆ ಇನ್ನೂ ದೊಡ್ಡದನ್ನು ನಿಲ್ಲಿಸುತ್ತೇವೆ, ನಿನ್ನ ಹೊಲ ನಿನಗೆ ಬಿಟ್ಟುಕೊಡುತ್ತೇವೆ ಎಂದ. ಆ ಜಾಗವನ್ನು ಮತ್ತೆ ಉಳಬೇಕೆಂಬುದು ರೈತನ ಬಹುದಿನದ ಆಸೆ. ಆದರೆ ಸಂತೋಷಕ್ಕಿಂತ ಮೊದಲು ಅನುಮಾನ ಬಂತು. ತಿರುಗುತ್ತಿರುವ ಫ್ಯಾನನ್ನು ಯಾರಾದರೂ ಸುಮ್ಮನೆ ಇಳಿಸುತ್ತಾರೆಯೇ? ತನ್ನ ಮಣ್ಣಿನಲ್ಲಿ ಹೂತಿರುವ, ಹೊಲದ ಜೊತೆ ತನಗೇ ಉಳಿಯಬೇಕಾದ ತಾಮ್ರದ ತಂತಿಯ ಮೇಲೆ ಇವರ ಕಣ್ಣಿದೆ ಎಂದುಕೊಂಡ.

ಕ್ರೇನು ಬಂತು. ರೈತ ಹೊಲದ ದಾರಿಗೆ ಅಡ್ಡ ಮಂಚ ಹಾಕಿಕೊಂಡು ಕೂತ. ಕಂಬದ ತುಂಡುಗಳನ್ನು ಸಾಗಿಸುವಾಗ ಒಳಗೆ ಬ್ಯಾಟರಿ ಬಿಟ್ಟು ನೋಡಿದ. ಲಾರಿಯವರ ಸೀಟಿನ ಕೆಳಗೂ ಕೈ ಹಾಕಿದ. ಅವರು ನಕ್ಕರು, ಅವನು ನಗಲಿಲ್ಲ.

ಹೊಸ ಫ್ಯಾನಿಗೆ ಕಾವಲುಗಾರ ಬೇಕಾಗಿರಲಿಲ್ಲ. ಅವನೂ ಊರಿಗೆ ಹೊರಟ. ದೂರ ಹೋಗುವವರಿಗೆ ಬುತ್ತಿ ಕಟ್ಟಿಕೊಡುವುದು ಆ ಕಡೆಯ ಪದ್ಧತಿ. ರೈತನ ಹೆಂಡತಿ ಕಟ್ಟಿಕೊಟ್ಟಳು. ಅವನು ಅದನ್ನು ಹಿಡಿದು ರೈತನ ಮಂಚದ ಹತ್ತಿರ ಬಂದು ನಿಂತ. ಏನೋ ಹೇಳುವವನ ಹಾಗಿದ್ದ. ರೈತ ಗಂಟು ಬಿಚ್ಚು ಎಂದ. ಬಿಚ್ಚಿದರೆ ತನ್ನ ಮನೆಯದೇ ರೊಟ್ಟಿ, ಶೇಂಗಾ ಚಟ್ನಿ. ರೈತನಿಗೆ ನಾಚಿಕೆಯಾಯಿತು, ಆದರೂ ರೊಟ್ಟಿಯ ಅಡಿಯಲ್ಲೊಮ್ಮೆ ಬೆರಳಾಡಿಸಿದ. ಕಾವಲುಗಾರ ಬಟ್ಟೆಯನ್ನು ಮತ್ತೆ ಕಟ್ಟಿಕೊಂಡು ಮಾತಿಲ್ಲದೆ ಹೋದ. ಮರುದಿನ ಕಂಪನಿಯವರು ಕಂಬ ನಿಂತಿದ್ದ ಜಾಗಕ್ಕೆ ಮಣ್ಣೆಳೆದು ಸಮ ಮಾಡಿದರು, ಕ್ರೇನೂ ಹೋಯಿತು. ಒಂದು ಚೂರು ತಂತಿಯೂ ತನ್ನ ಕಣ್ಣು ತಪ್ಪಿಸಿ ಹೋಗಲಿಲ್ಲ ಎಂದು ರೈತ ಸಮಾಧಾನಪಟ್ಟ.

ಮುಂಗಾರಿಗೆ ನೇಗಿಲು ಹೂಡಿದ. ಗೇಣು ಆಳಕ್ಕೇ ಖಣ್ ಎಂದಿತು. ಕೆದಕಿ ನೋಡಿದರೆ ಒಕ್ಕುವ ಕಣದಷ್ಟು ಅಗಲದ ಕಾಂಕ್ರೀಟು, ಫ್ಯಾನಿನ ಬುಡ. ಕಂಪನಿಯವರ ಹತ್ತಿರ ಓಡಿದ. ಕೆಲಸ ಮುಗಿದಿದೆ, ಕೊನೆಯವರೆಗೂ ಕೂತು ಎಲ್ಲವನ್ನೂ ನೋಡಿದವನು ನೀನೇ ಅಲ್ಲವೇ ಎಂದರು. ಅದನ್ನು ಒಡೆಯುವುದು ಅವನೊಬ್ಬನ ಕೈಯಲ್ಲಿ ಆಗುವ ಮಾತಲ್ಲ. ಸಿಟ್ಟಿನಿಂದ ಕಾವಲುಗಾರನ ಊರು ಹುಡುಕಿಕೊಂಡು ಹೋದ.

“ಬುಡಾ ಹಂಗ ಬಿಡ್ತಾರಂತ ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ ಅಣ್ಣಾರ. ಮಷೀನು ಇಲ್ಲಿರೂದ್ರಾಗ ಒಡಿಸ್ಕೊಳ್ರಿ ಅಂತ ಹೇಳಾಕನ ನಿಮ್ಮ ಮುಂದ ನಿಂತಿದ್ದೆ. ನೀವು ಬುತ್ತಿ ಬಿಚ್ಚಿಸಿದ್ರಿ. ನನ್ನ ಕೈಯಾಗಿನ ರೊಟ್ಟಿನ ನಂಬದವರು ನನ್ನ ಮಾತು ನಂಬ್ತಾರೇನು ಅಂತ ಸುಮ್ಮನಾದೆ.”

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಬಿಡಲಿಲ್ಲ. ಮೋಸವಂತೂ ನಡೆದೇ ಇತ್ತಲ್ಲ, ಅಂದಮೇಲೆ ರೈತ ಅನುಮಾನ ಪಟ್ಟದ್ದು ಸರಿಯೇ ಆಯಿತಲ್ಲವೇ ಎಂದು ಕೇಳಿದ.

ಗುರುಗಳು ಹೇಳಿದರು: “ನಾಳೆ ಮುದುಕನಿಗೆ ಬುತ್ತಿ ಕಟ್ಟುವವನು ನೀನೇ, ಕಟ್ಟಿಕೊಟ್ಟ ಮೇಲೆ ಬೇಕಾದರೆ ಬಿಚ್ಚಿಸಿ ನೋಡು.”