ಆರತಿಗೆ ಹತ್ತಿದ ಕೆಂಪು ದೀಪ

ಸಂಗತಿಗಳು ಇಷ್ಟು. ಅದೊಂದು ಸಿದ್ಧ ಉಡುಪಿನ ಕಾರ್ಖಾನೆ. ಅದರ ಬಾಗಿಲಲ್ಲಿ ಮುಖಭಾವ ನೋಡಿ ಪ್ರಾಮಾಣಿಕತೆ ಅಳೆಯುವ ಯಂತ್ರ. ಸಂಜೆ ಮನೆಗೆ ಹೊರಟ ಪ್ರತಿಯೊಬ್ಬರನ್ನೂ ಅದು ಕೇಳುತ್ತದೆ: "ಏನಾದರೂ ಕದ್ದಿದ್ದೀರಾ?" ಕಣ್ಣು ತಗ್ಗಿದರೆ ಕೆಂಪು ದೀಪ. ನಾಲ್ಕು ಸಲ ಕೆಂಪಾದರೆ ಕೆಲಸ ಹೋಗುತ್ತದೆ.

ಗುಂಡಿ ಹೊಲಿಯುವ ಪುಟ್ಟಲಿಂಗಮ್ಮ ಒಂದೆಳೆ ನೂಲನ್ನೂ ಕದ್ದವಳಲ್ಲ. ಆದರೆ ಇನ್ನೂರು ಹೆಂಗಸರೆದುರು ಹಾಗೆ ಕೇಳಿಸಿಕೊಂಡಾಗ ನಾಚಿಕೆಯಿಂದ ಅವಳ ತಲೆ ತಾನಾಗಿ ಬಾಗುತ್ತಿತ್ತು. ಸಾಲಾಗಿ ಮೂರು ದಿನ ಕೆಂಪು ದೀಪ ಹತ್ತಿತು. ಮೂರು ಸಲವೂ ಮ್ಯಾನೇಜರ್ ಶಿವನಂಜಪ್ಪನವರು ಅವಳ ಊಟದ ಡಬ್ಬಿಯನ್ನು ಎಲ್ಲರೆದುರು ಸುರಿಸಿ ನೋಡಿದರು. ಉದುರಿದ್ದು ನಾಲ್ಕು ಅನ್ನದ ಅಗುಳು.

ನಾಲ್ಕನೆಯ ದಿನ ಆಯುಧಪೂಜೆ. ಹೊಲಿಗೆ ಯಂತ್ರಗಳನ್ನೆಲ್ಲ ನಿಲ್ಲಿಸಿ ಕುಂಕುಮವಿಟ್ಟರು. ಶಿವನಂಜಪ್ಪನವರು ಬಾಗಿಲಿನ ಯಂತ್ರವನ್ನೂ ನಿಲ್ಲಿಸಹೊರಟಾಗ ಪುಟ್ಟಲಿಂಗಮ್ಮ ಮುಂದೆ ಬಂದಳು.

"ಬ್ಯಾಡಿ ಸಾರ್, ಸತ್ಯ ನೋಡೋ ದ್ಯಾವ್ರು ಇದು. ಕಣ್ಣು ಮುಚ್ಸಿ ಪೂಜೆ ಮಾಡುದ್ರೆ ಒಪ್ಕತದಾ?"

ಶಿವನಂಜಪ್ಪನವರಿಗೆ ಆ ಮಾತು ಹಿಡಿಸಿತು. ಚಾಲೂ ಇದ್ದ ಯಂತ್ರಕ್ಕೇ ಆರತಿ ಎತ್ತಿ, ಕೈಮುಗಿದು, ಕಣ್ಣು ತಗ್ಗಿಸಿ ಭಕ್ತಿಯಿಂದ ಬಾಗಿದರು.

"ಏನಾದರೂ ಕದ್ದಿದ್ದೀರಾ?" ಎಂದಿತು ಯಂತ್ರ. ಕೆಂಪು ದೀಪ ಹತ್ತಿತು.

ಯಾರೂ ನಗಲಿಲ್ಲ. ಶಿವನಂಜಪ್ಪನವರ ಮುಖ ಕಿವಿಯ ತುದಿಯವರೆಗೂ ಕೆಂಪಾಯಿತು. ತಗ್ಗಿದ ಕಣ್ಣು ಮೇಲೇಳಲಿಲ್ಲ.

"ನಾನು ಕೈಮುಗಿದೆ, ಅಷ್ಟೇ ಕಣಮ್ಮ."

"ನಂಗೊತ್ತು ಸಾರ್. ಅದ್ಕೆ ಗೊತ್ತಿಲ್ಲ. ನಿಮ್ಮ ಡಬ್ಬಿನ ನಾವು ಸುರ್ಸಾಕಿಲ್ಲ ಬುಡಿ."

ಹಬ್ಬದ ರಜೆ ಮುಗಿದ ದಿನ ಬಾಗಿಲಲ್ಲಿ ಯಂತ್ರವಿರಲಿಲ್ಲ. ಪುಟ್ಟಲಿಂಗಮ್ಮ ತಲೆಯೆತ್ತಿಕೊಂಡು ಮನೆಗೆ ಹೋದಳು. ಇಂಥ ಯಂತ್ರದೆದುರು ತಲೆ ತಗ್ಗಿಸಿ ನಿಂತವರು ನಿಮಗೆ ಯಾರಾದರೂ ಸಿಕ್ಕರೆ, ದಯವಿಟ್ಟು ಈ ಪ್ರಸಂಗವನ್ನು ಅವರಿಗೆ ತಲುಪಿಸಿ.