ಬೂಟಿನ ಸದ್ದು, ಮೂಳೆಯ ಮಾತು

ಪೊಲೀಸ್ ತರಬೇತಿಗೆ ಸೇರಿದ ಗಿರಿಮಲ್ಲನ ಬೂಟು ನೆಲ ಕುಟ್ಟಿದರೆ ಪಕ್ಕದ ಜಿಲ್ಲೆಯ ಕೋಳಿಗಳು ಎದ್ದು ಕೂಗುತ್ತಿದ್ದವು, ನಂಬಿ! ಪರೇಡ್ ಸ್ಪರ್ಧೆ ಹತ್ತಿರ ಬಂದಾಗ ಆ ಬೂಟು ತನ್ನೊಳಗೆ ಪಾದದಡಿ ಹಾಸಿದ್ದ ಮೆತ್ತೆಯನ್ನು ಹೊರದಬ್ಬಿತು.

“ತೊಲಗೋ, ನಿನ್ನಿಂದ ನನ್ನ ಸದ್ದು ಮಂಕಾಗುತ್ತದೆ!”

ನಾಲ್ಕು ದಿನ ಕುಟ್ಟುವಷ್ಟರಲ್ಲಿ ಕಣಕಾಲ ಮೂಳೆ ನರಳಿತು. “ಬೂಟಣ್ಣಾ, ನಿನ್ನ ಏಟೆಲ್ಲ ನನಗೇ ಬೀಳುತ್ತಿದೆ. ಇನ್ನು ನಾನು ಬಿರುಕು ಬಿಡುತ್ತೇನೆ.”

“ನಿನ್ನ ಹಣೆಬರಹ, ನನಗೇನು?”

“ಪ್ಲಾಸ್ಟರ್ ಹಾಕಿದ ಕಾಲಿಗೆ ಬೂಟು ಯಾರು ತೊಡಿಸುತ್ತಾರಣ್ಣಾ?”

ಬೂಟಿನ ನಾಲಗೆ ಒಣಗಿತು. “ಮೆತ್ತೆ ತಮ್ಮಾ, ಒಳಗೆ ಬಾರಪ್ಪಾ!”

ಮೆತ್ತೆ ನಗುತ್ತಾ ಬಂದು ಹಾಸಿಕೊಂಡಿತು. ಸ್ಪರ್ಧೆಯ ದಿನ ಮೂವರೂ ಸೇರಿ ಕುಟ್ಟಿದ್ದೇ ಕುಟ್ಟಿದ್ದು! ಮೊದಲ ಬಹುಮಾನ ಗಿರಿಮಲ್ಲನಿಗೇ ಬಂತು. ಅಂದು ಎದ್ದ ಧೂಳು ಇನ್ನೂ ಕೆಳಗಿಳಿದಿಲ್ಲ. ಮೂಳೆಯ ಮೇಲೆ ಮಾತ್ರ ಒಂದು ಗೀರೂ ಇಲ್ಲ.