ಭೂರ್ಜದ ಹನ್ನೆರಡನೆಯ ಹಾಳೆ

ಮಳೆ ಎಂಬುದು ಹೆಸರಿಗಷ್ಟೇ ಇದ್ದ ಒಂದು ಕೆಂಪು ಬಂಡೆಗಳ ಸೀಮೆ. ಅದರ ನಡುವೆ ಒಂದು ಆಳವಾದ ಕಮರಿ. ಕಮರಿಯ ಬಾಯಲ್ಲಿ ಭದ್ರಶೀಲರ ಆಶ್ರಮ.

ಆಶ್ರಮದ ಆಸ್ತಿ ಎಂದರೆ ಒಂದು ಮರದ ಪೆಟ್ಟಿಗೆ. ಅದರ ತುಂಬ ಒಣಗಿದ ಗಿಡಗಳು. ಒಂದೊಂದು ರೆಂಬೆಯನ್ನೂ ಒತ್ತಿ, ಒಣಗಿಸಿ, ಹಾಳೆಗೆ ಹೊಲಿದು, ಕೆಳಗೆ ನಾಲ್ಕು ಸಾಲು ಬರೆಯುತ್ತಿದ್ದರು. ಎಲ್ಲಿ ಸಿಕ್ಕಿತು, ಯಾವತ್ತು, ಯಾರಿಗೆ. ಕೊನೆಯ ಸಾಲಿನಲ್ಲಿ, ಅದರ ಅಕ್ಕಪಕ್ಕ ಏನಿತ್ತು ಎಂಬುದು.

ಬರೆಯುವುದಕ್ಕೆ ಒಂದೇ ಕಟ್ಟಳೆ. ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು.

ಒಂದು ಕಾಲಕ್ಕೆ ಅಲ್ಲಿ ಹನ್ನೆರಡು ಮಂದಿ ಶಿಷ್ಯರಿದ್ದರು. ಹನ್ನೊಂದು ಮಂದಿ ಒಬ್ಬೊಬ್ಬರಾಗಿ ಹೊರಟುಹೋದರು. ಉಳಿದವನು ದೇವಲ.

ಗುರುಗಳ ಕಣ್ಣು ಮಂಜಾಗಿತ್ತು. ಮಾತು ಮೊದಲೇ ಕಡಿಮೆ. ಎಷ್ಟೋ ದಿನ ದೇವಲ ತನ್ನ ದನಿಯನ್ನು ತಾನೇ ಕೇಳದೆ ಮಲಗುತ್ತಿದ್ದ. ಅವನಿಗೆ ಒಂಟಿತನ ತಡೆಯಲಾಗಲಿಲ್ಲ, ಅಷ್ಟೇ. ಅದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಏನಿದೆ?

ಒಂದು ಬೆಳಿಗ್ಗೆ ಬಂದು ಗುರುಗಳ ಮುಂದೆ ನಿಂತ.

"ಗುರುಗಳೇ, ನಾನೂ ಹೊರಡುತ್ತೇನೆ."

"ಆಗಲಪ್ಪ."

ಯಾಕೆ ಎಂದು ಅವರು ಕೇಳಲಿಲ್ಲ. ಕೇಳಬಾರದಿತ್ತೇ ಎಂದು ದೇವಲನಿಗೆ ಅನ್ನಿಸಿತು.

"ಪದ್ಧತಿ ಗೊತ್ತಲ್ಲ?" ಎಂದರು ಗುರುಗಳು.

ಗೊತ್ತಿತ್ತು. ಆಶ್ರಮ ಬಿಡುವವರು ಭೂರ್ಜ ಮರದ ರೆಂಬೆ ಹೊಲಿದ ಒಂದು ಹಾಳೆಯನ್ನು ಪೆಟ್ಟಿಗೆಗೆ ಸೇರಿಸಿಯೇ ಹೊರಡಬೇಕು. ಈ ಸುಡುವ ಸೀಮೆಯಲ್ಲಿ ಆ ಮರ ಕಮರಿಯೊಳಗಿನ ಒರತೆಗಳ ಬಳಿ ಮಾತ್ರ ಹೇಗೋ ಜೀವ ಹಿಡಿದುಕೊಂಡಿತ್ತು.

ಎಲ್ಲಿ ಹುಡುಕಬೇಕೆಂದು ತಿಳಿಯಲು ದೇವಲ ಹಳೆಯ ಹನ್ನೊಂದು ಹಾಳೆಗಳನ್ನು ಹೊರತೆಗೆದ.

ಮೊದಲನೆಯದು ವಿಶಾಖನದು. ಊಟಕ್ಕೆ ಕೂತಲ್ಲೂ ಎಲ್ಲರನ್ನೂ ನಗಿಸುತ್ತಿದ್ದವನು. "ಕಮರಿಯ ಮೊದಲ ತಿರುವು. ಅಕ್ಕಪಕ್ಕ: ಇನ್ನೂ ಆರು ಭೂರ್ಜ, ಜೊಂಡು, ಕಾಡುಗುಲಾಬಿ, ಬಾಯಿ ಮುಚ್ಚದ ಕಪ್ಪೆಗಳು."

ಹನ್ನೊಂದನೆಯ ಹಾಳೆಯಲ್ಲಿ ಇಷ್ಟೇ ಇತ್ತು. "ಐದನೆಯ ತಿರುವು. ಅಕ್ಕಪಕ್ಕ: ಜೊಂಡು."

ದೇವಲ ಬುತ್ತಿ ಕಟ್ಟಿಕೊಂಡು ಕಮರಿಗೆ ಇಳಿದ.

ಮೊದಲ ತಿರುವಿನಲ್ಲಿ ಏಳು ಒಣ ಬೊಡ್ಡೆಗಳಿದ್ದವು. ಕಪ್ಪೆಗಳ ಸದ್ದಿಲ್ಲ. ಎರಡು, ಮೂರು, ನಾಲ್ಕು ತಿರುವು ಕಳೆದವು. ಐದರಲ್ಲಿ ಜೊಂಡೂ ಒಣಗಿ ನಿಂತಿತ್ತು. ಅಲ್ಲಿಂದ ಮುಂದಕ್ಕೆ ಯಾವ ಹಾಳೆಯೂ ದಾರಿ ಹೇಳುತ್ತಿರಲಿಲ್ಲ.

ಒಂಬತ್ತನೆಯ ತಿರುವಿನಲ್ಲಿ ಒಂದು ಮರ ಸಿಕ್ಕಿತು. ತಾಮ್ರದ ಬಣ್ಣದ ತೊಗಟೆ, ಅರ್ಧ ಹಸಿರು, ಅರ್ಧ ಒಣಕಲು.

ರೆಂಬೆ ಕೀಳಲು ಕೈ ಬರಲಿಲ್ಲ. ಗಾಳಿಗೆ ಮುರಿದು ಬಿದ್ದ ಒಂದು ಚಿಗುರನ್ನು ಎತ್ತಿಕೊಂಡ.

ದೇವಲ ಎರಡು ದಿನದಲ್ಲಿ ಮರಳಬೇಕಿತ್ತು. ಬಂದದ್ದು ಐದನೆಯ ದಿನ. ಚಿಗುರನ್ನು ಒತ್ತಿ, ಹಾಳೆಗೆ ಹೊಲಿದು, ನಾಲ್ಕು ಸಾಲು ಬರೆದು, ಗುರುಗಳ ಮುಂದೆ ಇಟ್ಟ. ಗಂಟು ಆಗಲೇ ಬಾಗಿಲ ಬಳಿ ಸಿದ್ಧವಾಗಿತ್ತು.

"ಓದು" ಎಂದರು ಗುರುಗಳು.

"ಭೂರ್ಜ. ಒಂಬತ್ತನೆಯ ತಿರುವು. ಚೈತ್ರ ಬಹುಳ ತದಿಗೆ. ಕಂಡವನು ದೇವಲ. ಅಕ್ಕಪಕ್ಕ: ಏನೂ ಇಲ್ಲ."

"ಏನೂ ಇಲ್ಲವಾ?"

"ಒಂದು ಹುಲ್ಲುಕಡ್ಡಿ ಕೂಡ ಇಲ್ಲ, ಗುರುಗಳೇ. ಅಂಥ ಒಂಟಿ ಜೀವವನ್ನು ನಾನು ನೋಡಿಲ್ಲ."

ಗುರುಗಳು ಚಿಗುರಿನ ಮೇಲೆ ಬೆರಳಾಡಿಸಿದರು.

"ಇಷ್ಟುದ್ದದ ಚಿಗುರಿಗೆ ಇಷ್ಟು ದಿನ ಬೇಕಾಯಿತೇನಪ್ಪ?"

ದೇವಲನಿಗೆ ನಾಚಿಕೆಯಾಯಿತು.

"ಒರತೆಯ ಬಾಯಿಗೆ ಕಲ್ಲು ಕುಸಿದಿತ್ತು. ನೀರು ಬುಡಕ್ಕೆ ಹೋಗುತ್ತಿರಲಿಲ್ಲ. ಕಲ್ಲು ತೆಗೆಯುವುದಕ್ಕೆ ಒಂದು ದಿನ ಹಿಡಿಯಿತು."

"ಇನ್ನೆರಡು ದಿನ?"

"ಅದೊಂದನ್ನೇ ಬಿಟ್ಟು ಬರೋಕೆ ಮನಸ್ಸಾಗಲಿಲ್ಲ. ಅದರ ಹತ್ತಿರ ಏನೇನೋ ಹೇಳಿಕೊಂಡೆ. ಆಮೇಲೆ ಸುಮ್ಮನೆ ಕೂತಿದ್ದೆ."

"ಎಲ್ಲಿ ಕೂತಿದ್ದೆ?"

"ಮರದ ಪಕ್ಕದಲ್ಲಿ."

ಗುರುಗಳು ಹಾಳೆಯನ್ನು ಮೆಲ್ಲಗೆ ಅವನ ಕಡೆಗೆ ತಳ್ಳಿದರು.

"ಸುಳ್ಳು ಬರೆದ ಹಾಳೆಯನ್ನು ಪೆಟ್ಟಿಗೆಗೆ ಹಾಕುವ ಹಾಗಿಲ್ಲ."

ದೇವಲ ಆ ಹಾಳೆಯನ್ನೇ ನೋಡುತ್ತ ಕೂತ. ಆಮೇಲೆ ಲೇಖನಿ ಎತ್ತಿ ಕೊನೆಯ ಸಾಲನ್ನು ಹೊಡೆದುಹಾಕಿದ. ಅದರ ಕೆಳಗೆ ಬರೆದ: "ಅಕ್ಕಪಕ್ಕ: ದೇವಲ, ಮೂರು ದಿನ."

ಓದಿ ಹೇಳಿದ. ಗುರುಗಳು ತಲೆಯಾಡಿಸಿದರು. ಹನ್ನೆರಡನೆಯ ಹಾಳೆ ಪೆಟ್ಟಿಗೆ ಸೇರಿತು. ಇನ್ನು ಅವನು ಹೊರಡಬಹುದಿತ್ತು.

ಗುರುಗಳು ನೀರಿನ ತಂಬಿಗೆಗಾಗಿ ನೆಲವನ್ನು ತಡಕಾಡುತ್ತಿದ್ದರು. ದೇವಲ ಅದನ್ನು ಅವರ ಕೈಗಿತ್ತ. ಕೊಟ್ಟ ಮೇಲೂ ಎದ್ದು ಹೋಗಲು ಅವನಿಗೆ ಆಗಲಿಲ್ಲ.

"ಗುರುಗಳೇ, ನಾನು ಹೋದ ಮೇಲೆ ನಿಮ್ಮ ಅಕ್ಕಪಕ್ಕ ಯಾರೂ ಇರುವುದಿಲ್ಲ."

"ಹಾಗಂತ ಒಂದು ಹಾಳೆ ಬರೆದಿಡು."

ದೇವಲನ ಕೈಯಲ್ಲಿ ಲೇಖನಿ ಇನ್ನೂ ಇತ್ತು.

"ಬರೆಯಲಾ?"

ಭದ್ರಶೀಲರು ನೀರು ಕುಡಿದು ತಂಬಿಗೆಯನ್ನು ಕೆಳಗಿಟ್ಟರು.

"ಬರಿ. ಆದರೆ ಕಣ್ಣಾರೆ ಕಂಡು ಬರಿ. ಅದಕ್ಕೆ ನೀನು ಇಲ್ಲೇ ಪಕ್ಕದಲ್ಲಿ ಕೂತು ನೋಡುತ್ತಿರಬೇಕಾಗುತ್ತದೆ, ಮಗು."